ನೆಲ ಡೊಂಕು

ಜೂನ್ 3, ಸೋಮವಾರ

ಮಗ ಬ್ಯಾಂಕಿನಿಂದ ತಂದುಕೊಟ್ಟ ಈ ಡೈರಿ ಐದು ತಿಂಗಳು ಕಪಾಟಿನಲ್ಲಿ ಖಾಲಿ ಬಿದ್ದಿತ್ತು. ಬರೆಯುವಂಥದ್ದೇನಿತ್ತು? ಬೆಳಗ್ಗೆ ಮಾತ್ರೆ, ಸಂಜೆ ವಾಕಿಂಗು. ಇವತ್ತು ಬರೆಯಲೇಬೇಕು. ಅರವತ್ತಮೂರನೇ ವಯಸ್ಸಿನಲ್ಲಿ ನನಗೆ ಮತ್ತೆ ಕೆಲಸ ಸಿಕ್ಕಿದೆ, ಅದೂ ಇಪ್ಪತ್ತೆರಡರಲ್ಲಿ ಮಾಡುತ್ತಿದ್ದ ಅದೇ ಕೆಲಸ. ಗ್ರಾಮಫೋನ್ ಪ್ಲೇಟು ಕೇಳಿ ಪಾಸು ಮಾಡುವುದು, ಇಲ್ಲವೇ ಫೇಲು ಮಾಡುವುದು.

ನಮ್ಮ ಹಳೆಯ ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಯಿತು. ಈಗ ಅದರ ಹಿಂದಿನ ಗೋದಾಮನ್ನು ಮೂವತ್ತು ದಾಟಿರದ ಒಬ್ಬ ಹುಡುಗಿ ಬಾಡಿಗೆಗೆ ಹಿಡಿದು, ಎರಡು ಪ್ರೆಸ್ ಇಟ್ಟುಕೊಂಡು ಹೊಸದಾಗಿ ಪ್ಲೇಟು ಒತ್ತಿಸುತ್ತಿದ್ದಾಳೆ. ಹಳೆಯ ಹಾಜರಿ ಪುಸ್ತಕದಲ್ಲಿ ‘ಕೇಳುವ ಕೋಣೆ’ಯ ಆರು ಹೆಸರು ಸಿಕ್ಕವಂತೆ. ಒಬ್ಬೊಬ್ಬರನ್ನೇ ಹುಡುಕಿಕೊಂಡು ಹೋಗಿ ಕೊನೆಗೆ ನಮ್ಮ ಮನೆ ಬಾಗಿಲು ತಟ್ಟಿದಳು. ಉಳಿದ ಐದು ಜನ ಈಗ ಏನನ್ನೂ ಕೇಳುವ ಸ್ಥಿತಿಯಲ್ಲಿಲ್ಲ.

“ನಿಮ್ಮ ಕಿವಿ ಹೇಗಿದೆ ಅಮ್ಮ?” ಅಂದಳು.

“ನಮ್ಮ ಯಜಮಾನ್ರು ಪಕ್ಕದ ಕೋಣೇಲಿ ಬಿಸ್ಕತ್ ಡಬ್ಬ ತೆಗೆದ್ರೂ ಗೊತ್ತಾಗುತ್ತೆ” ಅಂದೆ. ಇವರು ಸೋಫಾದಲ್ಲಿ ಕೂತು, ಕೇಳಿಸದವರಂತೆ ಪೇಪರ್ ಮಗುಚಿದರು.

ಇವತ್ತು ಹೋದಕೂಡಲೇ ಕೇಳುವ ಕೋಣೆಯ ಮೂರು ನಿಯಮಗಳನ್ನು ಹೇಳಿಬಿಟ್ಟೆ. ನಮ್ಮ ಕೋಣೆಯ ಮುಖ್ಯಸ್ಥರನ್ನು ನಾವು ‘ದೊಡ್ಡವರು’ ಎನ್ನುತ್ತಿದ್ದೆವು, ಅವರು ಕಲಿಸಿದ ನಿಯಮಗಳು. ಪಾಸು ಮಾಡುವ ಮುಂಚೆ ಪ್ಲೇಟನ್ನು ಮೂರು ಸಲ ಕೇಳಬೇಕು. ಕಣ್ಣು ಮುಚ್ಚಿಕೊಂಡು ಕೇಳಬಾರದು, ಕಿವಿ ಹಾಡಿನ ಮೇಲಿದ್ದರೆ ಕಣ್ಣು ಪ್ಲೇಟಿನ ಮೇಲೆ ಓಡುವ ಮುಳ್ಳಿನ ಮೇಲಿರಬೇಕು. ತನ್ನವರ ಪ್ಲೇಟನ್ನು ತಾನು ಮುಟ್ಟಬಾರದು. ಹುಡುಗಿ ಅಷ್ಟನ್ನೂ ಫೋನಿನಲ್ಲಿ ಬರೆದುಕೊಂಡಳು. ಪಕ್ಕದಲ್ಲಿ ಪ್ರೆಸ್ಸಿನವನು ನಿಂತಿದ್ದ, ಐವತ್ತರ ಆಸುಪಾಸಿನ ಬೋಳುತಲೆಯ ಆಸಾಮಿ.

“ನಾಲ್ಕನೇದು, ನಿದ್ದೆ ಮಾಡ್ಬಾರ್ದು. ಅಲ್ವಾ ಅಮ್ಮ?” ಅಂದ. ಇವನ ಹತ್ತಿರ ಹುಷಾರಾಗಿರಬೇಕು.

ಜೂನ್ 6, ಗುರುವಾರ

ಮೊದಲ ಪ್ಲೇಟು ಕೇಳಿದೆ, ಫೇಲು ಮಾಡಿದೆ. ಯಾವುದೋ ಈಗಿನ ವಾದ್ಯದವರದು. ಕೈಗೆ ತೆಗೆದುಕೊಂಡರೆ ಮಣಭಾರ, ಕವರು ನೋಡಿದರೆ ಕಣ್ಣು ಕುಕ್ಕುತ್ತದೆ, ಮುಳ್ಳಿಟ್ಟರೆ ಬರೀ ಚಟಪಟ. ನಮ್ಮ ಕಾಲದಲ್ಲಿ ಪ್ಲೇಟು ತೆಳ್ಳಗಿತ್ತು, ಸ್ವರ ದಪ್ಪಗಿತ್ತು. ಈಗ ಪ್ಲೇಟು ದಪ್ಪ, ಸ್ವರ ತೆಳ್ಳಗೆ.

“ಬಿಸಿ ಆರೋಕೆ ಮುಂಚೆ ಅಚ್ಚಿನಿಂದ ಕಿತ್ತಿದ್ದೀರಿ” ಅಂದೆ. ಪ್ರೆಸ್ಸಿನವನಿಗೆ ಮುಖ ಸಪ್ಪಗಾಯಿತು. ಗೊಣಗುತ್ತಲೇ ಹೋಗಿ ಎಂಟು ಸೆಕೆಂಡು ಹೆಚ್ಚು ಆರಿಸಿ ಇನ್ನೊಂದು ತಂದ. ಚಟಪಟ ನಿಂತಿತ್ತು. ಪಾಸು ಎನ್ನಲು ನಾಲಿಗೆ ಹೊರಳಲಿಲ್ಲ, ಆದರೂ ಮೂರು ಸಲ ಕೇಳಿ ಸಹಿ ಹಾಕಿದೆ. ಅಲ್ಲಿಂದ ನಾನು ಅವನ ಬಾಯಲ್ಲಿ ‘ಕಿವಿಯಮ್ಮ’ ಆಗಿದ್ದೇನೆ.

ಗೋದಾಮಿನ ವಾಸನೆ ಮಾತ್ರ ಹಾಗೆಯೇ ಇದೆ. ಕಾದ ಪ್ಲಾಸ್ಟಿಕ್ಕು, ಯಂತ್ರದ ಎಣ್ಣೆ, ಹಸಿ ರಟ್ಟು. ಒಳಗೆ ಕಾಲಿಡುತ್ತಲೇ ನಾಲ್ಕು ಗಂಟೆಯ ಟೀ ಗಂಟೆ ಹೊಡೆಯುತ್ತದೆ ಎಂದು ಕಾದೆ. ಆಗ ಕೇಳುವ ಕೋಣೆಯಲ್ಲಿ ಆರು ಪುಟ್ಟ ಗೂಡುಗಳು, ಬಾಗಿಲಿಗೆ ಹಸಿರು ಬಣ್ಣದ ದಪ್ಪ ಬಟ್ಟೆ, ಒಂದೊಂದರಲ್ಲೂ ಒಬ್ಬೊಬ್ಬ ಹುಡುಗಿ. ಗಂಟೆ ಹೊಡೆದರೆ ಆರೂ ಬಾಗಿಲು ಒಟ್ಟಿಗೆ ತೆರೆಯುತ್ತಿತ್ತು, ಆರು ಬೇರೆ ಬೇರೆ ಹಾಡು ಹೊರಗೆ ಬಂದು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿದ್ದವು. ನಾವು ನಗುತ್ತಿದ್ದೆವು. ಏನು ಕಂಡು ನಗುತ್ತಿದ್ದೆವೋ ಈಗ ನೆನಪಿಲ್ಲ.

ಜೂನ್ 11, ಮಂಗಳವಾರ

ಮಾರ್ಕೆಟ್ ರಸ್ತೆಯಲ್ಲಿ ಹೊಸ ಪ್ಲೇಟು ಮಾರುವ ಅಂಗಡಿಗೆ ಹೊಕ್ಕೆ. ಬೆಲೆ ನೋಡಿದೆ. ಆಗಿನ ನನ್ನ ಎರಡು ತಿಂಗಳ ಸಂಬಳ. ಒಬ್ಬ ಹುಡುಗ ಎರಡು ಆರಿಸಿಕೊಂಡು ನಿಂತಿದ್ದ. ಯಾವ ಪ್ಲೇಯರಿನಲ್ಲಿ ಹಾಕುತ್ತೀಯಪ್ಪ ಎಂದು ಕೇಳಿದೆ.

“ಪ್ಲೇಯರ್ ಇಲ್ಲ ಆಂಟಿ. ಗೋಡೆಗೆ ಹಾಕ್ತೀನಿ” ಅಂದ.

ಯಜಮಾನಿ ಹುಡುಗಿಗೆ ಬಂದು ಹೇಳಿದೆ, ನೀನು ಒತ್ತಿಸುವುದು ಹಾಡಲ್ಲ, ಗೋಡೆಯ ಬಿಲ್ಲೆ ಎಂದು. ಅವಳಿಗೆ ಸಿಟ್ಟು ಬರಲಿಲ್ಲ.

“ಫೋನಲ್ಲಿರೋ ಹಾಡು ಯಾರದೂ ಅಲ್ಲ ಅಮ್ಮ. ಇದು ನಂದು ಅನ್ನೋಕೆ ಕೈಲಿ ಹಿಡ್ಕೊಳ್ಳೋ ವಸ್ತು ಒಂದು ಬೇಕಲ್ಲ.”

“ಹಾಗಾದ್ರೆ ಪಾತ್ರೆ ಕೊಂಡ್ಕೊಳ್ಳಲಿ. ಅನ್ನವಾದ್ರೂ ಬೇಯುತ್ತೆ” ಅಂದೆ. ಪ್ರೆಸ್ಸಿನವನು ನಕ್ಕ. ಹುಡುಗಿಯೂ ನಕ್ಕಳು, ಪಾಪ.

ಜೂನ್ 13, ಗುರುವಾರ



ಹಳೆಯ ಕಾರ್ಖಾನೆಯ ಟೇಪುಗಳ ಒಂದು ಪೆಟ್ಟಿಗೆ ಹುಡುಗಿಗೆ ಸಿಕ್ಕಿದೆ. ಹಾಡುಗಾರರು ಹಾಡಿದಾಗ ಮೊದಲು ತುಂಬಿಕೊಂಡ ಮೂಲ ಟೇಪುಗಳು. ಒಂದರ ಡಬ್ಬಿಯ ಮೇಲೆ ನನ್ನ ಅಕ್ಕನ ಹೆಸರು. ಹುಡುಗಿ ಅದನ್ನು ಕೇಳಿ ಮರುಳಾಗಿ ಕೂತಿದ್ದಾಳೆ, ಯಾರಿವರು, ಯಾಕೆ ಒಂದೇ ಪ್ಲೇಟು ಕೊಟ್ಟು ನಿಲ್ಲಿಸಿದರು, ಇದನ್ನೇ ಹೊಸದಾಗಿ ತರುತ್ತೇನೆ ಎನ್ನುತ್ತಾಳೆ. ನನ್ನ ಒಡಹುಟ್ಟಿದವಳು ಅಂದೆ. ಅವಳು ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು.

ಅಕ್ಕನಿಗೆ ಆಗ ಇಪ್ಪತ್ತೇಳು. ಹೊಲಿಗೆ ಅಂಗಡಿಯಲ್ಲಿ ಕೆಲಸ. ಎರಡು ಹಾಡಿನ ಚಿಕ್ಕ ಪ್ಲೇಟು, ಮುನ್ನೂರು ಪ್ರತಿ. ಕಾರ್ಖಾನೆಯಲ್ಲಿ ಅದನ್ನು ಪಾಸು ಮಾಡಿದ್ದು ನಾನೇ. ತನ್ನವರ ಪ್ಲೇಟು ಮುಟ್ಟಬಾರದು ಎಂಬ ನಿಯಮವಿದ್ದರೂ ಪಕ್ಕದ ಗೂಡಿನವಳನ್ನು ಕಾಡಿ ಬೇಡಿ ತೆಗೆದುಕೊಂಡಿದ್ದೆ. ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು ಅಷ್ಟೆ. ಅಕ್ಕನ ಸ್ವರ ಕಿವಿಗೆ ಬೀಳುತ್ತಲೇ ಕಣ್ಣು ತಾನಾಗಿ ಮುಚ್ಚಿಕೊಂಡಿತು. ಅತ್ತುಬಿಟ್ಟೆ. ಕಣ್ಣೊರೆಸಿಕೊಂಡು ಸಹಿ ಹಾಕಿದೆ. ನನ್ನ ಬದುಕಿನ ಒಳ್ಳೆಯ ದಿನಗಳಲ್ಲಿ ಅದೊಂದು.

ಮನೆಯಲ್ಲಿ ಅಪ್ಪ ರೇಡಿಯೋಗ್ರಾಂ ತಂದಿದ್ದರು, ಮರದ ಪೆಟ್ಟಿಗೆಯಂಥದ್ದು. ಪ್ಲೇಟು ಹಾಕಿ ಮುಚ್ಚಳ ಮುಚ್ಚಿಬಿಡಬೇಕು, ತೆರೆದಿಟ್ಟರೆ ಧೂಳು ಬೀಳುತ್ತದೆಂದು ಬೈಗುಳ. ಮೊದಲ ಹಾಡಿನ ಕೊನೆಯಲ್ಲಿ ಒಂದು ಉದ್ದನೆಯ ಸ್ವರ. ಅಲ್ಲಿ ಅಕ್ಕನ ದನಿ ಮೆಲ್ಲಗೆ ಮೇಲೆ ಹೋಗಿ ಕೆಳಗೆ ಬರುತ್ತದೆ, ಮತ್ತೆ ಮೇಲೆ, ಮತ್ತೆ ಕೆಳಗೆ. ನಾವೆಲ್ಲ ಅದಕ್ಕೆ ‘ಅಕ್ಕನ ತೂಗು’ ಎಂದು ಹೆಸರಿಟ್ಟಿದ್ದೆವು. ಮಗ ಕೂಸಾಗಿದ್ದಾಗ ಬೇರೆ ಯಾವುದಕ್ಕೂ ಮಲಗುತ್ತಿರಲಿಲ್ಲ, ಆ ಸ್ವರ ಬಂದರೆ ಮಲಗುತ್ತಿದ್ದ.

ಆಮೇಲೆ ಅಕ್ಕ ಹಾಡಲೇ ಇಲ್ಲ. ಅಂಗಡಿ ಸ್ವಂತದ್ದು ಮಾಡಿಕೊಂಡಳು, ಮದುವೆಯಾದಳು, ಭಾವನನ್ನು ಕಳೆದುಕೊಂಡಳು. ಯಾರಾದರೂ ಒಂದು ಹಾಡು ಹೇಳು ಎಂದರೆ ಗಂಟಲು ಕೆಟ್ಟಿದೆ ಎನ್ನುವಳು. ಹಟಮಾರಿ ಎಂದು ನಾವೆಲ್ಲ ಅಂದುಕೊಂಡು ಸುಮ್ಮನಾದೆವು. ಹೊಸ ಪ್ಲೇಟಿಗೆ ಅವಳ ಒಪ್ಪಿಗೆ ಪತ್ರ ಬೇಕು. ತರುವ ಜವಾಬ್ದಾರಿ ನನ್ನದು ಎಂದು ಎದೆ ತಟ್ಟಿಕೊಂಡು ಬಂದಿದ್ದೇನೆ.

ಜೂನ್ 16, ಭಾನುವಾರ

ಭಾನುವಾರ ಹತ್ತು ಗಂಟೆಗೆ ನಾನು ಅಕ್ಕ ಫೋನಿನಲ್ಲಿ ಮಾತಾಡುವುದು ರೂಢಿ. ಅವಳ ಬೀಪಿ, ನನ್ನ ಮಂಡಿ, ಇಬ್ಬರ ಮಕ್ಕಳು. ಇವತ್ತು ಬೀಪಿ ಮುಗಿದ ಮೇಲೆ ವಿಷಯ ಎತ್ತಿದೆ.

“ಬೇಡ” ಅಂದಳು.

“ಪೂರ್ತಿ ಕೇಳು ಅಕ್ಕ.”

“ಕೇಳೋದೇನಿದೆ? ಆ ಸ್ವರ ಒಂದ್ಸಲ ಊರಿಗೆಲ್ಲ ಹಂಚಿದ್ದು ಸಾಲ್ದಾ?”

“ಎಷ್ಟು ಚೆನ್ನಾಗಿದೆ ಅದು. ಆ ಕೊನೇ ತೂಗು ಒಂದು ಸಾಕು.”

“ತೂಗಲ್ಲ ಕಣೆ ಅದು, ನಡುಕ” ಅಂದಳು. ಆಮೇಲೆ ನನಗೆ ನಲವತ್ತೊಂದು ವರ್ಷ ಹೇಳದ ಮಾತು ಹೇಳಿದಳು. “ಪ್ಲೇಟು ಬಂದ ವರ್ಷ ರೇಡಿಯೋದವರಿಗೆ ಒಂದು ಕಳಿಸಿದ್ದೆ. ನಿಮಗ್ಯಾರಿಗೂ ಹೇಳಿರ್ಲಿಲ್ಲ, ಆಯ್ಕೆಯಾದ್ರೆ ಹೇಳೋಣ ಅಂತ. ಒಂದೇ ಸಾಲು ಬರೆದು ವಾಪಸ್ ಕಳಿಸಿದ್ರು. ದೀರ್ಘ ಸ್ವರಗಳಲ್ಲಿ ಸ್ಥಿರತೆ ಇಲ್ಲ. ಆ ಕಾಗದ ಇವತ್ತಿಗೂ ಹೊಲಿಗೆ ಮೆಷಿನ್ ಡ್ರಾಯರಲ್ಲಿದೆ. ಬಾಯಿಗೆ ಹಾಡು ಬಂತು ಅಂದ್ರೆ ಡ್ರಾಯರ್ ಎಳೆದು ನೋಡ್ತೀನಿ. ಬಾಯಿ ಮುಚ್ಚುತ್ತೆ.”

“ಹಾಡೋವಾಗ ನಿನಗೆ ಗೊತ್ತಾಗ್ಲಿಲ್ವಾ?”

“ಹಾಡೋವಾಗ ಸರಿಯಾಗೇ ಇದೆ ಅನ್ನಿಸಿತ್ತು. ಕೆಟ್ಟದಾಗಿ ಹಾಡೋರಿಗೆಲ್ಲ ಹಾಗೇ ಅನ್ಸುತ್ತೆ. ಮದುವೆಯಾದ್ಮೇಲೆ ನಿನ್ನ ಭಾವ ಸಮಾಧಾನಕ್ಕೆ, ಮೈಕ್ ಸರಿ ಇರ್ಲಿಲ್ವೇನೋ ಅಂದ್ರು. ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ, ಆ ಜಾತಿಗೆ ನನ್ನ ಸೇರಿಸ್ಬೇಡಿ ಅಂದೆ.”

ಫೋನಿಟ್ಟ ಮೇಲೂ ಅಲ್ಲೇ ಕೂತಿದ್ದೆ. ನಾವು ಹಟ ಅಂದುಕೊಂಡದ್ದು ನಾಚಿಕೆಯಾಗಿತ್ತು. ಇಷ್ಟು ವರ್ಷ ಒಂದು ಮಾತು ಕೇಳಲಿಲ್ಲವಲ್ಲ ನಾನು.

ಜೂನ್ 25, ಮಂಗಳವಾರ

ಅಕ್ಕ ಬೇಡವೆಂದಳು ಎಂದರೂ ಹುಡುಗಿ ಬಿಡಲಿಲ್ಲ. ಟೇಪಿನಿಂದ ಹೊಸ ಅಚ್ಚು ಮಾಡಿಸಿ, ಪರೀಕ್ಷೆಗೆಂದು ಒಂದು ಪ್ಲೇಟು ಒತ್ತಿಸಿದ್ದಾಳೆ. ಅಕ್ಕನ ಕೈಗೆ ಕೊಟ್ಟರೆ ಮನಸ್ಸು ಬದಲಾದೀತು ಎಂದು ಅವಳ ಲೆಕ್ಕ.

ಕೇಳಿದೆ. ಸಿಟ್ಟು ನೆತ್ತಿಗೇರಿತು.

ಇದು ಅಕ್ಕ ಅಲ್ಲ. ದನಿ ಅವಳದೇ, ಉಸಿರು ಅವಳದೇ, ಆದರೆ ಕೊನೆಯ ಸ್ವರ ಬಂದಾಗ ಅದು ನೆಟ್ಟ ಕಂಬದಂತೆ ನಿಂತುಬಿಡುತ್ತದೆ. ತೂಗು ಇಲ್ಲ. ಒಂದಿಷ್ಟೂ ಇಲ್ಲ. ಹೊಸ ಪ್ಲೇಟಿನ ಹಣೆಬರಹವೇ ಇಷ್ಟು, ಹಳೆಯದನ್ನೆಲ್ಲ ತೊಳೆದು ಬೆಳ್ಳಗೆ ಮಾಡಿ ಜೀವ ತೆಗೆಯುವುದು.

“ಕಂಪ್ಯೂಟರಲ್ಲಿ ಹಾಕಿ ಇಸ್ತ್ರಿ ಮಾಡಿಬಿಟ್ಟಿದ್ದೀರಿ ನನ್ನ ಅಕ್ಕನ್ನ” ಅಂದೆ.

“ಟೇಪಲ್ಲಿ ಇರೋದೇ ಇದು ಅಮ್ಮ. ಒಂದು ಕೂದಲೂ ಮುಟ್ಟಿಲ್ಲ.”

“ನನಗೆ ಹೇಳ್ಬೇಡ. ಆ ಸ್ವರಕ್ಕೆ ನನ್ನ ಮಗ ನಿದ್ದೆ ಮಾಡಿದ್ದಾನೆ. ನಾಳೆ ಹಳೇದು ತರ್ತೀನಿ, ಆಗ ಗೊತ್ತಾಗುತ್ತೆ ನಿಮ್ಮ ಹೊಸದರ ಬಂಡವಾಳ.”

ಕಪಾಟಿನ ಮೇಲಿನಿಂದ ಹಳೆಯ ಪ್ಲೇಟು ಇಳಿಸಿ, ಒರೆಸಿ, ಚೀಲದಲ್ಲಿಟ್ಟಿದ್ದೇನೆ. ಹದಿನೈದು ವರ್ಷದಿಂದ ಹಾಕಿರಲಿಲ್ಲ. ರೇಡಿಯೋಗ್ರಾಂ ಕೆಟ್ಟು ಹೋಗಿ, ಈಗ ಅದರ ಮೇಲೆ ಇವರ ಔಷಧಿ ಡಬ್ಬ ಇದೆ.

ಜೂನ್ 26, ಬುಧವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಕೇಳುವ ಕೋಣೆಯಲ್ಲಿ ಮೂವರೂ ಇದ್ದೆವು. ಪ್ಲೇಯರಿಗೆ ಮುಚ್ಚಳವಿಲ್ಲ. ಹಳೆಯ ಪ್ಲೇಟು ಹಾಕಿದೆ. ಅಕ್ಕ ಹಾಡಿದಳು, ಕೊನೆಯ ಸ್ವರ ಬಂತು, ತೂಗಿತು. ಕಣ್ಣು ಮುಚ್ಚಿಕೊಂಡು ತಲೆದೂಗಿದೆ. ನೋಡಿದಿರಾ ಎಂದು ಕೇಳಬೇಕು ಅನ್ನುವಷ್ಟರಲ್ಲಿ ಪ್ರೆಸ್ಸಿನವನು ಮೆಲ್ಲಗೆ ಅಂದ, “ಕಿವಿಯಮ್ಮ, ಹಾಡು ಬಿಡಿ. ಮುಳ್ಳಿನ ಕೈ ನೋಡಿ.”

ನೋಡಿದೆ. ಮುಳ್ಳು ಹಿಡಿದ ಕೈ ಒಳಗೆ ಹೋಗುತ್ತಿತ್ತು, ಹೊರಗೆ ಬರುತ್ತಿತ್ತು. ಪ್ಲೇಟು ಒಂದು ಸುತ್ತು ಬಂದರೆ ಒಂದು ಸಲ ಒಳಗೆ, ಒಂದು ಸಲ ಹೊರಗೆ. ಸ್ವರ ಮೇಲೆ ಹೋದಾಗಲೆಲ್ಲ ಒಂದು ಕಡೆ, ಕೆಳಗೆ ಬಂದಾಗಲೆಲ್ಲ ಇನ್ನೊಂದು ಕಡೆ.

ತೂತು ನಡುವಿನಲ್ಲಿಲ್ಲ. ಒಂದು ಸಾಸಿವೆ ಕಾಳಿನಷ್ಟು ಆಚೆ ಇದೆ. ಅಚ್ಚಿಗೆ ತೂತು ಹೊಡೆಯುವಾಗಲೇ ತಪ್ಪಿದೆ, ಹಾಗಾಗಿ ಆ ಅಚ್ಚಿನ ಮುನ್ನೂರು ಪ್ಲೇಟೂ ಹಾಗೆಯೇ. ನಡು ತಪ್ಪಿ ತಿರುಗುವ ಪ್ಲೇಟಿನಲ್ಲಿ ಹಾಡು ಒಮ್ಮೆ ಬೇಗ ಓಡುತ್ತದೆ, ಒಮ್ಮೆ ನಿಧಾನ. ಬೇಗ ಓಡಿದಾಗ ಸ್ವರ ಏರುತ್ತದೆ, ನಿಧಾನವಾದಾಗ ಇಳಿಯುತ್ತದೆ. ಮುಳ್ಳು ನಡುವಿಗೆ ಹತ್ತಿರವಾದಷ್ಟೂ ಹೆಚ್ಚು. ಹಾಡಿನ ಕೊನೆಯ ಸ್ವರ ಇರುವುದು ನಡುವಿಗೆ ಎಲ್ಲಕ್ಕಿಂತ ಹತ್ತಿರ. ಹಿಂಬದಿಯ ಹಾಡಿನ ಅಚ್ಚು ಬೇರೆ, ಅದು ಸರಿಯಾಗಿಯೇ ಇದೆ.

“ಯಾರೋ ಪುಣ್ಯಾತ್ಮರು ಕಣ್ಣು ಮುಚ್ಕೊಂಡು ಪಾಸು ಮಾಡಿದ್ದಾರೆ” ಅಂದ ಪ್ರೆಸ್ಸಿನವನು. ಅವನಿಗೆ ಗೊತ್ತಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಹೆಗಲಿಗೆ ಕೈ ಒಯ್ಯದೆ, ಪ್ಲೇಟು ತೆಗೆದು ಕವರಿಗೆ ಹಾಕಿದೆ.

ಅಕ್ಕನ ಸ್ವರ ಎಂದೂ ನಡುಗಿರಲಿಲ್ಲ.

ಜೂನ್ 27, ಗುರುವಾರ

ಕೆಲಸಕ್ಕೆ ಹೋಗಲಿಲ್ಲ. ತಲೆನೋವು ಎಂದೆ.

ಜೂನ್ 28, ಶುಕ್ರವಾರ

ಕಣ್ಣು ತೆರೆದಿದ್ದರೆ ಸಾಕಿತ್ತು. ಮೂರು ತಿಂಗಳ ಹೊಸಬಳಾದರೂ ಆ ಕೈ ತೂಗುವುದು ಕಾಣುತ್ತಿತ್ತು. ಎರಡನೇ ಸಲ ಕೇಳಿದ್ದರೂ ಸಾಕಿತ್ತು, ಅಷ್ಟರಲ್ಲಿ ಅಳು ನಿಂತಿರುತ್ತಿತ್ತು. ಪಕ್ಕದ ಗೂಡಿನವಳಿಗೇ ಬಿಟ್ಟಿದ್ದರೆ ಅವಳು ಮುಖ ನೋಡದೆ ಫೇಲು ಮಾಡುತ್ತಿದ್ದಳು. ಮೂರು ನಿಯಮ, ಮೂರನ್ನೂ ಒಂದೇ ಮಧ್ಯಾಹ್ನ ಮುರಿದೆ. ರೇಡಿಯೋದವರಾದರೂ ನೋಡಬಾರದಿತ್ತೇ ಎಂದುಕೊಂಡೆ. ಆದರೆ ಅವರನ್ನು ಬೈಯುವ ಬಾಯಿ ನನಗಿಲ್ಲ.

ಇವರಿಗೆ ಎಲ್ಲ ಹೇಳಿದೆ. ಟೀವಿ ಆರಿಸಿ ಕೇಳಿಸಿಕೊಂಡರು, ಅದೇ ದೊಡ್ಡದು.

“ನಲವತ್ತು ವರ್ಷದ ಮಾತು. ಈಗ ಹೇಳಿದ್ರೆ ಯಾರಿಗೇನು ಬರುತ್ತೆ?” ಅಂದರು. ಆಮೇಲೆ, “ನೀನು ಹೇಳೋದು ನಿನಗೆ ಹಗುರಾಗ್ಲಿ ಅಂತಾನೋ, ಅವಳಿಗೆ ಹಗುರಾಗ್ಲಿ ಅಂತಾನೋ, ಅದನ್ನ ಮೊದಲು ನೋಡ್ಕೋ” ಅಂದರು.

ಈ ಮನುಷ್ಯ ವರ್ಷಕ್ಕೊಂದು ಮಾತು ಆಡುತ್ತಾರೆ, ಅದು ಹೀಗೆ ಬಂದು ಗಂಟಲಲ್ಲಿ ಕೂರುತ್ತದೆ.

ಜೂನ್ 30, ಭಾನುವಾರ

ಹೇಳಬೇಕೆಂದೇ ಫೋನು ಮಾಡಿದೆ. ಅಕ್ಕ, ಹೊಸ ಪ್ಲೇಟು ಕೇಳಿದೆ, ನಿನ್ನ ಕೊನೆಯ ಸ್ವರ ಗಟ್ಟಿಯಾಗಿ ನಿಂತಿದೆ, ನಡುಕವೇ ಇಲ್ಲ ಎಂದೆ. ಅಷ್ಟು ಹೇಳಿ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಅವಳೇ ಕೇಳಿದಳು.

“ಮೆಷಿನ್ನಲ್ಲಿ ಸರಿ ಮಾಡಿದ್ರಾ?”

ನಾನು “ಹೂಂ” ಎಂದೆ.

ಆ ಹೂಂ ಎಲ್ಲಿಂದ ಬಂತೋ. ಒಂದಕ್ಷರ. ಅಕ್ಕ, “ಹಾಗಾದ್ರೆ ತರ್ಲಿ ಬಿಡು. ಸತ್ತ ಮೇಲಾದ್ರೂ ಜನ ಸರಿಯಾಗಿ ಹಾಡ್ತಿದ್ಲು ಅಂದ್ಕೊಳ್ಳಲಿ” ಎಂದಳು. ದನಿಯಲ್ಲಿ ನಗುವಿತ್ತು. ಆಮೇಲೆ ನನ್ನ ಮಂಡಿ ಹೇಗಿದೆ ಎಂದು ಕೇಳಿದಳು.

ಒಪ್ಪಿಗೆ ಸಿಕ್ಕಿತು. ಎಲ್ಲರಿಗೂ ಒಳ್ಳೆಯದೇ ಆಯಿತು. ಇನ್ನು ಈ ವಿಷಯ ಇಲ್ಲಿಗೆ ಮುಗಿಯಿತು ಎಂದು ಬರೆದಿಡುತ್ತಿದ್ದೇನೆ.

ಜುಲೈ 4, ಗುರುವಾರ

ಮುಗಿದಿಲ್ಲ.

ಅಕ್ಕ ಸಹಿ ಹಾಕಿದ ಒಪ್ಪಿಗೆ ಪತ್ರ ಅಂಚೆಯಲ್ಲಿ ಬಂತು. ಜೊತೆಗೆ ಅಳತೆ ಬರೆಯುವ ಚೀಟಿಯ ಹಿಂದೆ ಎರಡು ಸಾಲು: “ನಿಮ್ಮ ಮೆಷಿನ್ನಿಗೆ ನನ್ನ ನಮಸ್ಕಾರ ತಿಳಿಸು. ಅದು ಆಗಲೇ ಇದ್ದಿದ್ದರೆ ನಾನೂ ಹಾಡುಗಾರ್ತಿ ಆಗುತ್ತಿದ್ದೆನೋ ಏನೋ.”

ಹುಡುಗಿ ಖುಷಿಯಿಂದ ಕುಣಿದಳು. ನಾನು ಟಾಯ್ಲೆಟ್ಟಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಆ ದಿನ ಕಣ್ಣು ಮುಚ್ಚಿ ಮಾಡಿದ್ದು ತಪ್ಪು. ಮೊನ್ನೆ ಕಣ್ಣು ತೆರೆದುಕೊಂಡೇ ಮಾಡಿದೆ, ಅದಕ್ಕೆ ಹೆಸರು ಬೇರೆ. ನನ್ನನ್ನು ಉಳಿಸಿಕೊಳ್ಳಲು ಅವಳ ಗಂಟಲಿನ ಮೇಲೆ ಎರಡನೇ ಸಲ ಅದೇ ಮುದ್ರೆ ಒತ್ತಿದ್ದೇನೆ.

ಶನಿವಾರ ರಜೆ ಕೇಳಿದೆ. ಎರಡು ಪ್ಲೇಟೂ, ಕೈಯಲ್ಲಿ ಹಿಡಿದೊಯ್ಯುವ ಚಿಕ್ಕ ಪ್ಲೇಯರೂ ಬೇಕು ಎಂದೆ. ಏಕೆಂದು ನಮ್ಮ ಹುಡುಗಿ ಕೇಳಲಿಲ್ಲ. ಪ್ಲೇಯರಿಗೆ ಹೊಸ ಮುಳ್ಳು ಹಾಕಿ, ಟವಲಿನಲ್ಲಿ ಸುತ್ತಿ ಕೊಟ್ಟಳು.

ಜುಲೈ 6, ಶನಿವಾರ

ಎರಡು ಗಂಟೆ ಬಸ್ಸು. ಪ್ಲೇಯರನ್ನು ಮಡಿಲಲ್ಲಿಟ್ಟುಕೊಂಡೇ ಹೋದೆ. ಅಕ್ಕನ ಅಂಗಡಿಯಲ್ಲಿ ಕೆಲಸದ ಹೆಣ್ಣುಮಕ್ಕಳು ಮಧ್ಯಾಹ್ನಕ್ಕೇ ಹೋಗಿದ್ದರು. ಅವಳೊಬ್ಬಳೇ ಕನ್ನಡಕ ಮೂಗಿನ ತುದಿಗಿಟ್ಟುಕೊಂಡು ಗುಂಡಿ ಹೊಲಿಯುತ್ತಿದ್ದಳು.

“ಏನೇ ಇದು, ಹೇಳದೆ ಕೇಳದೆ? ಯಾರಾದ್ರೂ ಹೋಗಿಬಿಟ್ರಾ?”

“ಎಲ್ಲ ಚೆನ್ನಾಗಿದ್ದಾರೆ. ಅಕ್ಕ, ಫೋನಲ್ಲಿ ಹೇಳಿದ್ದು ಸುಳ್ಳು. ಮೆಷಿನ್ ಏನೂ ಸರಿ ಮಾಡಿಲ್ಲ.”

ಬತ್ತಿ ಹೋಗುವ ಮುಂಚೆ ಧೈರ್ಯವನ್ನು ಬಳಸಿಕೊಳ್ಳಬೇಕಿತ್ತು. ಕತ್ತರಿಸುವ ಮೇಜಿನ ಮೇಲೆ ಪ್ಲೇಯರಿಟ್ಟು ಹಳೆಯ ಪ್ಲೇಟು ಹಾಕಿದೆ. ಹಾಡು ಶುರುವಾಗುತ್ತಲೇ ಅಕ್ಕ ಮುಖ ತಿರುಗಿಸಿದಳು.

“ಕೇಳ್ಬೇಡ. ಈ ಕೈ ಒಂದನ್ನ ನೋಡು ಸಾಕು” ಅಂದೆ.

ನಾನು ವಿವರಿಸಬೇಕಾಗಿಯೇ ಬರಲಿಲ್ಲ. ಐವತ್ತು ವರ್ಷ ಬಟ್ಟೆಯ ಓರೆ ನೋಡಿದ ಕಣ್ಣು. ಎರಡು ಸುತ್ತು ನೋಡಿದಳು, ಕೈ ಚಾಚಿ ಪ್ಲೇಟು ನಿಲ್ಲಿಸಿದಳು. ಕೊರಳಲ್ಲಿದ್ದ ಅಳತೆ ಟೇಪು ತೆಗೆದು ತೂತಿನ ಅಂಚಿನಿಂದ ಕೊನೆಯ ಗೆರೆಯವರೆಗೆ ಅಳೆದಳು. ಎದುರು ಬದಿಯಲ್ಲೂ ಅಳೆದಳು. ಮತ್ತೊಮ್ಮೆ ಮೊದಲಿನದನ್ನೇ ಅಳೆದಳು.

“ತೂತು ನಡುವಲ್ಲಿಲ್ಲ” ಅಂದಳು.

“ಇಲ್ಲ. ನೆಲವೇ ಡೊಂಕಿತ್ತು ಅಕ್ಕ.”

ಹೊಸ ಪ್ಲೇಟು ಹಾಕಿದೆ. ಅದರಲ್ಲಿ ಯಾರೂ ಯಾವುದನ್ನೂ ತೊಳೆದಿಲ್ಲ, ಇಪ್ಪತ್ತೇಳರ ಅಕ್ಕ ಅಂದು ಹೇಗೆ ಹಾಡಿದಳೋ ಹಾಗೆಯೇ ಇದ್ದಾಳೆ ಎಂದೆ. ಕೊನೆಯ ಸ್ವರ ಬಂತು. ಮುಳ್ಳಿನ ಕೈ ಅಲುಗಲಿಲ್ಲ, ಸ್ವರವೂ ಅಲುಗಲಿಲ್ಲ. ಅಕ್ಕನ ಕಣ್ಣು ಮುಚ್ಚಿತ್ತು. ನಾನು ಮುಚ್ಚಲಿಲ್ಲ, ಅವಳ ಗಂಟಲನ್ನೇ ನೋಡುತ್ತಿದ್ದೆ. ಅದು ಪ್ಲೇಟಿನ ಜೊತೆ ಸದ್ದಿಲ್ಲದೆ ಆಡುತ್ತಿತ್ತು.

ಹಾಡು ಮುಗಿದು ಮುಳ್ಳು ಖಾಲಿ ಗೆರೆಯಲ್ಲಿ ಸುತ್ತತೊಡಗಿದಾಗ ಕೇಳಿದಳು, “ಹಳೇದನ್ನ ಯಾರು ಪಾಸು ಮಾಡಿದ್ದು?”

“ನಾನು. ಒಂದೇ ಸಲ ಕೇಳಿದ್ದು. ಕಣ್ಣು ಮುಚ್ಕೊಂಡು.”

“ನೀನು ಅವತ್ತು ಅತ್ತೆ ಅಂತ ಅಪ್ಪ ಹೇಳಿದ್ರು” ಅಂದಳು ಅಕ್ಕ. “ಎಷ್ಟು ಖುಷಿಪಟ್ಟಿದ್ದೆ ಗೊತ್ತಾ? ನನ್ನ ತಂಗಿ ಅತ್ತಿದ್ದಾಳೆ, ಅಂದ್ರೆ ಚೆನ್ನಾಗಿದೆ ಅಂತ.”

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮೆಷಿನ್ ಡ್ರಾಯರ್ ಎಳೆದು ಆ ಕಾಗದ ತೆಗೆದಳು. ಮಡಿಕೆಯಲ್ಲಿ ಸವೆದು ನಾಲ್ಕು ಚೂರಾಗಿತ್ತು. ಹರಿಯುತ್ತಾಳೆ ಎಂದುಕೊಂಡೆ. ಓದಿ, ಮತ್ತೆ ಒಳಗಿಟ್ಟು ಡ್ರಾಯರ್ ದೂಡಿದಳು.

“ನೀನು ಹೊರಡು. ಬಸ್ಸಿಗೆ ಹೊತ್ತಾಗುತ್ತೆ.”

“ಅಕ್ಕ, ನಾನು...”

“ಇವತ್ತು ಏನೂ ಮಾತಾಡ್ಬೇಡ. ಪ್ಲೇಯರ್ ಇಲ್ಲಿರ್ಲಿ, ಹೊಸದೂ ಇರ್ಲಿ. ಹಳೇದು ತಗೊಂಡು ಹೋಗು.”

ಬೀದಿಯ ತಿರುವಿನವರೆಗೆ ಹೋಗಿ ನಿಂತೆ. ಅಂಗಡಿಯ ಅರ್ಧ ಎಳೆದ ಶಟರಿನ ಕೆಳಗಿಂದ ಹಾಡು ಮೊದಲಿನಿಂದ ಶುರುವಾದದ್ದು ಕೇಳಿಸಿತು.

ಜುಲೈ 7, ಭಾನುವಾರ

ಫೋನು ಬರಲಿಲ್ಲ. ನಾನೂ ಮಾಡಲಿಲ್ಲ.

ಜುಲೈ 9, ಮಂಗಳವಾರ

ಅಕ್ಕನ ಪ್ಲೇಟಿಗೆ ಸಹಿ ಹಾಕಿ ಎಂದು ಹುಡುಗಿ ಚೀಟಿ ತಂದಳು. ನಾನು ಹಾಕುವ ಹಾಗಿಲ್ಲ, ಮೂರನೇ ನಿಯಮ, ನೀವೇ ಕೇಳಿ ಎಂದೆ. ಅವಳೂ ಪ್ರೆಸ್ಸಿನವನೂ ಕೂತು ಮೂರು ಸಲ ಕೇಳಿದರು. ಮೂರನೇ ಸಲ ಪ್ರೆಸ್ಸಿನವನ ಕಣ್ಣು ಮುಚ್ಚಿಕೊಳ್ಳುವುದರಲ್ಲಿತ್ತು, ಮೊಣಕೈಯಿಂದ ತಿವಿದೆ. ಹಳೆಯದನ್ನು ಪಾಸು ಮಾಡಿದ ಪುಣ್ಯಾತ್ಗಿತ್ತಿ ಯಾರೆಂದು ಆಮೇಲೆ ಇಬ್ಬರಿಗೂ ಹೇಳಿದೆ. ಪ್ರೆಸ್ಸಿನವನು ಬೋಳುತಲೆ ಸವರಿಕೊಂಡು, ಟೀ ತರುತ್ತೇನೆ ಎಂದು ಎದ್ದು ಹೋದ.

ಚೆನ್ನಾಗಿ ಒತ್ತಿದ್ದಾರೆ. ಅಂಚು ನುಣುಪಾಗಿದೆ, ಸದ್ದಿಲ್ಲ, ತೂತು ನಟ್ಟನಡುವೆ ಇದೆ. ಕೈ ತೊಳೆದುಕೊಂಡು ಹಿಡಿದು ನೋಡಿದೆ. ನನಗೂ ಒಂದು ತೆಗೆದಿಡು, ಬೆಲೆ ಕೊಡುತ್ತೇನೆ ಎಂದೆ.

“ಮನೇಲಿ ಪ್ಲೇಯರ್ ಇಲ್ವಲ್ಲ ಕಿವಿಯಮ್ಮ. ಗೋಡೆಗಾ?” ಅಂದ ಟೀ ತಂದವನು.

ಟೀ ಲೋಟ ತೆಗೆದುಕೊಂಡೆ. ಗೋಡೆಗಾದರೂ ಸರಿ ಎಂದು ಮನಸ್ಸಿನಲ್ಲಿತ್ತು.

ಜುಲೈ 14, ಭಾನುವಾರ

ಹತ್ತೂಕಾಲಿಗೆ ಫೋನು ಹೊಡೆದುಕೊಂಡಿತು. ಇವರು ನೋಡಿ, ತಂದು ನನ್ನ ಕೈಗಿತ್ತು, ಟೀವಿ ಆರಿಸಿದರು.

ಹಲೋ ಇಲ್ಲ, ಬೀಪಿ ಸಮಾಚಾರ ಇಲ್ಲ. ಒಂದು ಉಸಿರು ಕೇಳಿಸಿತು. ಆಮೇಲೆ ಹಾಡಿನ ಕೊನೆಯ ಸಾಲು, ಅಕ್ಕನ ಬಾಯಲ್ಲಿ. ಕೊನೆಯ ಸ್ವರಕ್ಕೆ ಬಂದು ಎಳೆದು ಹಿಡಿದಳು. ಅರವತ್ತೆಂಟರ ಗಂಟಲು, ನಲವತ್ತೊಂದು ವರ್ಷ ಮುಚ್ಚಿಟ್ಟದ್ದು. ನಡುವೆ ಸೀಳಿತು, ಅಲುಗಿತು, ಇನ್ನೇನು ನಿಂತಿತು ಅನ್ನುವಾಗ ಹೇಗೋ ಹಿಡಿದುಕೊಂಡು ಕೊನೆ ಮುಟ್ಟಿತು.

“ಈಗ ನಿಜವಾಗ್ಲೂ ನಡುಗುತ್ತೆ ಕಣೆ” ಅಂದಳು. “ಈ ತಪ್ಪನ್ನ ತೂತಿನ ಮೇಲೆ ಹಾಕೋ ಹಾಗಿಲ್ಲ.”

ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದೆ.

“ಎಲ್ಲಿ ಹೋದೆ? ಪಾಸೋ ಫೇಲೋ ಹೇಳು.”

ಕಣ್ಣು ತುಂಬಿ ಮುಚ್ಚಿಕೊಳ್ಳುತ್ತಿತ್ತು, ಬಲವಂತವಾಗಿ ಬಿಟ್ಟುಕೊಂಡೇ ಇದ್ದೆ. ಎದುರಿಗೆ ಕಿಟಕಿ, ಕಿಟಕಿಯಲ್ಲಿ ಒಣಹಾಕಿದ ಇವರ ಎರಡು ಅಂಗಿ.

“ಒಂದೇ ಸಲಕ್ಕೆ ಹೇಳೋ ಹಾಗಿಲ್ಲ ಅಕ್ಕ. ಮೂರು ಸಲ ಕೇಳ್ಬೇಕು.”

ಅತ್ತ ಕಡೆಯಿಂದ ಗಂಟಲು ಸರಿಮಾಡಿಕೊಂಡ ಸದ್ದು ಬಂತು. ಆಮೇಲೆ ಎರಡನೇ ಸಲ ಶುರು ಮಾಡಿದಳು.